ಬಿದಿರಿಗೆ ಬಳಿದ ಬಣ್ಣ

ಮಹಾಯುದ್ಧದ ಆ ದಿನಗಳಲ್ಲಿ ಒಮ್ಮೆ, ಸೈಕಲ್ಲಿನ ಮುಂದಿನ ಗಾಲಿಯನ್ನು ಹಿಡಿಯುವ ಫೋರ್ಕು ಮುರಿದದ್ದನ್ನು ಸೆರಗಿನಲ್ಲಿ ಹಿಡಿದು ನಾನು ಪುಣೆಯ ಆ ರಿಪೇರಿ ಅಂಗಡಿಯ ಮುಂದೆ ನಿಂತೆ. ಅಂದು ಬೆಳಿಗ್ಗೆ ಖಡಕಿಯ ಕಾರ್ಖಾನೆಗೆ ಹೊರಟಿದ್ದ ನಿಮ್ಮ ಅಜ್ಜ ಇಳಿಜಾರಿನಲ್ಲಿ ಬಿದ್ದು ಮುಂದಿನ ಎರಡು ಹಲ್ಲು ಕಳೆದುಕೊಂಡಿದ್ದರು. ಹಿಂದಿನ ವಾರವಷ್ಟೇ ಇಲ್ಲಿ ರಿಪೇರಿಯಾಗಿದ್ದ ಫೋರ್ಕಿನ ಕೊಳವೆಯೊಳಗೆ ಬಿದಿರಿನ ತುಂಡಿತ್ತು, ಮೇಲೆ ಹೊಸ ಕಪ್ಪು ಬಣ್ಣವಿತ್ತು.

"ಯಾರ ಸೈಕಲ್‌ರೀ ವೈನಿ?" ಎಂದ ಅಂಗಡಿಯವನು. ಅವನೂ ಅತ್ತಿಗೆಗೆ ವೈನಿ ಅನ್ನುವ ನಮ್ಮ ಬೆಳಗಾವಿ ಕಡೆಯವನೇ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವ ರೂಢಿ ನಮ್ಮಲ್ಲಿರಲಿಲ್ಲ. ಆ ಸಿಟ್ಟಿನಲ್ಲಿ ಹೇಳಿಬಿಟ್ಟೆ.

"ಯುದ್ಧ ನಡದದರೀ. ಹೊಸ ಫೋರ್ಕ್ ಎಲ್ಲಿಂದ ತರ್ಲಿ? ಎಲ್ಲಾರಿಗೂ ಹಿಂಗ ಮಾಡಿಕೊಡ್ತೀನಿ."

"ಬಿದಿರು ಹಾಕೀನಿ ಅಂತ ಒಂದು ಮಾತು ಹೇಳಿದ್ದಿದ್ರ ಅವರು ನಡಕೋತ ಹೋಗ್ತಿದ್ರು. ಬಣ್ಣ ಯಾಕ ಬಳದಿ?"

ಅವನ ಬೆನ್ನ ಹಿಂದೆ ಗೋಡೆಗೆ ಒರಗಿದ್ದ ಇನ್ನೊಂದು ಸೈಕಲ್ಲಿನ ಫೋರ್ಕಿನ ಮೇಲೆ ಬಣ್ಣ ಇನ್ನೂ ಹಸಿಯಾಗಿತ್ತು. ಪರ ಗಂಡಸರೊಡನೆ ಮಾತನಾಡಲು ಹೆದರುತ್ತಿದ್ದ ನಾನು, ಅದರ ಮಾಲಕ ಬರುವವರೆಗೆ ಬಿಸಿಲಲ್ಲಿ ಕಾದು, ಒಳಗಿರುವುದೇನೆಂದು ಅವನಿಗೆ ಹೇಳಿಯೇ ಮನೆಗೆ ಬಂದೆ.

ಅಂದಿನಿಂದ ನಿಮ್ಮ ಅಜ್ಜ ಬಾಯಿಗೆ ಕೈ ಅಡ್ಡ ಹಿಡಿದೇ ನಗುತ್ತಿದ್ದರು. ಅವರು ಹೋಗಿ ಇಷ್ಟು ವರ್ಷವಾದರೂ ನನ್ನ ಆ ಸಿಟ್ಟು ಹೋಗಿಲ್ಲ.