ಸಿಕ್ಕಾ ಹೊಡೆದ ಸೂಚನೆಗಳು

ಫೋನು ಹನ್ನೊಂದು ಸಲ "ಸೂಚನೆ, ಚಿತ್ರ" ಎಂದಿತು. ಹನ್ನೆರಡನೆಯದಾಗಿ ನಮ್ಮ ಆಫೀಸಿನ ವಿಳಾಸವನ್ನು ಪೂರ್ತಿಯಾಗಿ ಓದಿ ಸುಮ್ಮನಾಯಿತು.

"ನಿಮ್ಮ ವೆಬ್‌ಸೈಟು ಒಂದ ಪಾಠ ಬಾಯಿಪಾಠ ಮಾಡೇತಿ ನೋಡ್ರಿ ಅಕ್ಕಾರ," ಎಂದಳು ಫೋನು ಹಿಡಿದಿದ್ದವಳು.

ಅವಳಿಗೆ ನನಗಿಂತ ಒಂದೆರಡು ವರ್ಷ ಕಡಿಮೆ ಇರಬಹುದು. ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ ಎಂಬುದನ್ನು ಒಳಗೆ ಬಂದ ತಕ್ಷಣ ತಾನೇ ಹೇಳಿದ್ದಳು, ಊರು ಯಾವುದು ಎಂದು ಹೇಳುವಷ್ಟು ಸಲೀಸಾಗಿ. ಊರು ಮುನವಳ್ಳಿ. ಜೊತೆಗೆ ಬಂದಿದ್ದ ತಂದೆ ಅಲ್ಲಿ ಟೇಲರ್. ಕೊರಳಲ್ಲಿದ್ದ ಅಳತೆಯ ಟೇಪನ್ನು ತೆಗೆಯದೆಯೇ ಬಸ್ಸು ಹತ್ತಿದ್ದರು. ಬೈಲಹೊಂಗಲದ ಬಜಾರದಲ್ಲಿ ಔಷಧಿ ಅಂಗಡಿಯ ಮೇಲಿರುವ ನಮ್ಮ ಆಫೀಸು ಅವರಿಗೆ ಸುಲಭವಾಗಿ ಸಿಕ್ಕಿತ್ತು. ನಾವು ಮಾಡಿದ ಪ್ರತಿ ವೆಬ್‌ಸೈಟಿನ ಪುಟದ ಕೆಳಗೆ ನಮ್ಮ ವಿಳಾಸ ಇರುತ್ತದೆ. ಅದು ಅಕ್ಷರದಲ್ಲಿ ಇರುವುದರಿಂದ, ಪರದೆಯ ಮೇಲಿನ ಬರಹವನ್ನು ಓದಿ ಹೇಳುವ ಅವಳ ಫೋನು ಅದನ್ನು ಓದಿತ್ತು. ಆ ಪುಟದಲ್ಲಿ ಅದಕ್ಕೆ ಓದಲು ಬಂದದ್ದು ಅಷ್ಟೇ.

ಅದು ಸವದತ್ತಿ ಕಡೆಯ ಒಂದು ಬಿ.ಎಡ್. ಕಾಲೇಜಿನ ವೆಬ್‌ಸೈಟು, ಅದರಲ್ಲಿ ಪ್ರವೇಶದ ಸೂಚನೆಗಳ ಪುಟ. ಅದನ್ನು ಮಾಡಿದವಳು ನಾನು. ಸೂಚನೆಗಳನ್ನು ಅಕ್ಷರದಲ್ಲೇ ಹಾಕೋಣ ಎಂದು ಮೊದಲು ಹೇಳಿದ್ದೂ ನಾನೇ. ಕಾಲೇಜಿನ ಸೂಪರಿಂಟೆಂಡೆಂಟರು ಒಪ್ಪಲಿಲ್ಲ. ಟೈಪು ಯಾರು ಬೇಕಾದರೂ ಮಾಡಬಹುದು, ಸಿಕ್ಕಾ, ಅಂದರೆ ಕಾಲೇಜಿನ ಮೊಹರು, ಮತ್ತು ಪ್ರಿನ್ಸಿಪಾಲರ ಸಹಿ ಕಾಣದಿದ್ದರೆ ಪಾಲಕರು ಅದನ್ನು ಸೂಚನೆ ಎಂದೇ ನಂಬುವುದಿಲ್ಲ ಎಂದರು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ನಮ್ಮ ಕಡೆ ಕಾಗದವನ್ನು ಕೈಗೆ ತೆಗೆದುಕೊಂಡವರು ಓದುವ ಮೊದಲು ಕೆಳಗಿನ ದುಂಡು ಗುರುತನ್ನು ಹುಡುಕುತ್ತಾರೆ. ಹಾಗಾಗಿ ಅವರು ಪ್ರತಿ ಸೂಚನೆಯನ್ನೂ ಮುದ್ರಿಸಿ, ಸಿಕ್ಕಾ ಹೊಡೆದು, ಮೇಜಿನ ಮೇಲಿಟ್ಟು ಫೋಟೋ ತೆಗೆದು ನನಗೆ ಕಳಿಸುತ್ತಿದ್ದರು. ಹೊಸದನ್ನು ಎಲ್ಲಕ್ಕಿಂತ ಕೆಳಗೆ ಹಾಕಬೇಕು ಎಂಬುದೂ ಅವರದೇ ಷರತ್ತು. ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ಖಾಲಿ ಜಾಗ ಉಳಿಯುವುದು ಕೆಳಗೇ. ನಾನು ಆಕ್ಷೇಪವನ್ನು ಒಮ್ಮೆ ಬರೆದು ಕಳಿಸಿದೆ. ಅವರು ಮೆಸೇಜಿನಲ್ಲಿ ಹೆಬ್ಬೆರಳು ಎತ್ತಿದ ಚಿತ್ರ ಕಳಿಸಿದರು. ಒಪ್ಪಿದ್ದೇನೆ ಎಂದಲ್ಲ, ಮುಟ್ಟಿದೆ ಎಂದು.

ಆಮೇಲೆ ನಾನು ಮಾಡಿದ್ದನ್ನು ಇದ್ದ ಹಾಗೆ ಬರೆಯಬೇಕು. ಚಿತ್ರವನ್ನು ನೋಡಲಾರದವರಿಗಾಗಿ ಅದರ ಹಿಂದೆ ನಾಲ್ಕು ಮಾತು ವಿವರಣೆ ಬರೆಯುವ ಒಂದು ಜಾಗ ಇರುತ್ತದೆ. ಫೋನು ಓದುವುದು ಅದನ್ನೇ. ಆ ಜಾಗ ಖಾಲಿ ಇದ್ದರೆ, ವೆಬ್‌ಸೈಟನ್ನು ತಪಾಸಣೆ ಮಾಡುವ ಸಾಧನ ಅಂಕ ಕಡಿಮೆ ಮಾಡುತ್ತದೆ. ನಾನು ಎಲ್ಲ ಚಿತ್ರಗಳ ಹಿಂದೆಯೂ "ಸೂಚನೆ" ಎಂದು ಬರೆದೆ. ಸಾಧನ ನೂರಕ್ಕೆ ನೂರು ಕೊಟ್ಟಿತು, ಹಸಿರು ವೃತ್ತದೊಳಗೆ. ಅಲ್ಲಿ ಏನಾದರೂ ಬರೆದಿದೆಯೇ ಎಂದಷ್ಟೇ ಅದು ನೋಡುತ್ತದೆ, ಏನು ಬರೆದಿದೆ ಎಂದು ನೋಡುವುದಿಲ್ಲ. ಇದು ನನಗೆ ಗೊತ್ತಿತ್ತು. ಧಾರವಾಡದಲ್ಲಿ ಎಂ.ಎಸ್ಸಿ. ಕೊನೆಯ ವರ್ಷದಲ್ಲಿ ಇದೇ ವಿಷಯದ ಮೇಲೆ ಎಪ್ಪತ್ತು ಪುಟದ ಪ್ರಬಂಧ ಬರೆದು ಒಳ್ಳೆಯ ಅಂಕ ಪಡೆದಿದ್ದೆ. ಅದಕ್ಕಾಗಿ ಕಣ್ಣು ಕಾಣದ ಯಾರನ್ನೂ ಮಾತನಾಡಿಸಿರಲಿಲ್ಲ.

ಅವಳು ಬಂದ ಕಾರಣ ಹೀಗಿತ್ತು. ಆ ಕಾಲೇಜಿನ ಮೊದಲ ಪಟ್ಟಿಯಲ್ಲಿ ಅವಳ ಹೆಸರು ಬಂದಿತ್ತು. ಮೂಲ ಪ್ರಮಾಣಪತ್ರಗಳನ್ನು ತೋರಿಸಲು ಶುಕ್ರವಾರ ಹೋಗಬೇಕು ಎಂದು ಪಕ್ಕದ ಮನೆಯವರು ವೆಬ್‌ಸೈಟು ನೋಡಿ ಓದಿ ಹೇಳಿದ್ದರು. ಈಗ ಬುಧವಾರ. ಬೆಳಿಗ್ಗೆ ಅವಳ ಗೆಳತಿಯೊಬ್ಬಳು ಫೋನಿನಲ್ಲಿ, ನಿನ್ನೆ ನೀನು ಯಾಕೆ ಬರಲಿಲ್ಲ ಎಂದು ಕೇಳಿದಳಂತೆ. ಇವಳು ಕಾಲೇಜಿಗೆ ಫೋನ್ ಮಾಡಿದರೆ, ಎಲ್ಲ ವೆಬ್‌ಸೈಟಿನಲ್ಲಿದೆ, ನೋಡಿಕೊಳ್ಳಿ ಎಂದು ಇಟ್ಟುಬಿಟ್ಟರು. ತಂದೆ ಉರ್ದು ಓದುತ್ತಾರೆ, ಕನ್ನಡ ಬರುವುದಿಲ್ಲ.

"ಆಕಿಗೆ ಎರಡೂ ಬರತಾವ್ರಿ, ಕಿವಿಲೇ," ಎಂದರು ಅವರು, ಮಗಳ ಕಡೆ ಗದ್ದ ತೋರಿಸಿ.

ನಾನು ಪುಟದ ಕೊನೆಯ ಚಿತ್ರವನ್ನು ದೊಡ್ಡದು ಮಾಡಿ ಓದಿದೆ. ತಾಂತ್ರಿಕ ಕಾರಣದಿಂದ ಪ್ರಮಾಣಪತ್ರಗಳ ಪರಿಶೀಲನೆಯನ್ನು ಶುಕ್ರವಾರದ ಬದಲು ಮಂಗಳವಾರ ನಡೆಸಲಾಗುವುದು, ಗೈರಾದವರ ಸೀಟನ್ನು ಎರಡನೆಯ ಪಟ್ಟಿಗೆ ಬಿಡಲಾಗುವುದು. ಕೆಳಗೆ ನೀಲಿ ಸಿಕ್ಕಾ, ಸ್ವಲ್ಪ ವಾರೆಯಾಗಿ. ಪಕ್ಕದ ಮನೆಯವರು ಓದಿದ್ದು ಮೇಲೆ ಇದ್ದ ಹಳೆಯ ಸೂಚನೆಯನ್ನು. ಯಾರೇ ಆದರೂ ಅದನ್ನೇ ಓದುತ್ತಿದ್ದರು.

ಗಟ್ಟಿಯಾಗಿ ಓದಿ ಹೇಳಿದೆ. ತಂದೆ ಟೇಪನ್ನು ಕೊರಳಿನಿಂದ ತೆಗೆದು ಬೆರಳಿಗೆ ಸುತ್ತತೊಡಗಿದರು. ಅವಳು ಕೇಳಿದಳು:

"ಇದಕ್ಕ ಸೂಚನೆ ಅಂತ ಬರದಾವರು ಯಾರ್ರಿ?"

"ನಾನೇ," ಎಂದೆ.

"ಹಾಕೂ ಮುಂದ ಒಳಗ ಏನೈತಿ ಅಂತ ಓದಿದ್ರಿ?"

"ಇಲ್ಲ."

ನಿಜಕ್ಕೂ ಓದಿರಲಿಲ್ಲ. ಶನಿವಾರ ಸಂಜೆ ಬಂದ ಫೋಟೋದ ಅಂಚು ಕತ್ತರಿಸಿ, ನೇರ ಮಾಡಿ, ಹಾಕಿ ಮನೆಗೆ ಹೋಗಿದ್ದೆ. ಅವಳು ಫೋನನ್ನು ಮಡಿಲಲ್ಲಿ ಇಟ್ಟುಕೊಂಡಳು. ಬೈದಿದ್ದರೆ ಉತ್ತರಿಸುವುದು ಸುಲಭವಿತ್ತು ಎಂದು ಆಗ ಅನಿಸಿತು.

ಅವರ ಎದುರಿಗೇ ಸೂಪರಿಂಟೆಂಡೆಂಟರಿಗೆ ಫೋನ್ ಮಾಡಿದೆ. ವೆಬ್‌ಸೈಟಿನಲ್ಲಿ ಹಾಕಿದವರೇ ಫೋನ್ ಮಾಡಿ ವೆಬ್‌ಸೈಟಿನಲ್ಲಿ ಇದ್ದದ್ದರ ಬಗ್ಗೆ ಕೇಳುವುದನ್ನು ಇದೇ ಮೊದಲು ಕಂಡದ್ದು ಎಂದು ನಕ್ಕರು. ವಿಷಯ ತಿಳಿದ ಮೇಲೆ ನಗು ನಿಂತಿತು. ಎರಡನೆಯ ಪಟ್ಟಿ ಮರುದಿನ ಸಂಜೆ ಹಚ್ಚುತ್ತಾರೆ. ಅದಕ್ಕೆ ಮೊದಲು, ಬಾರದಿದ್ದುದಕ್ಕೆ ಕಾರಣವನ್ನು ಬರವಣಿಗೆಯಲ್ಲಿ ಕೊಟ್ಟರೆ ಪ್ರಿನ್ಸಿಪಾಲರ ಮುಂದೆ ಇಡಬಹುದು. ಆರಾಮಿರಲಿಲ್ಲ ಎಂದು ಬರೆದು ಡಾಕ್ಟರ ಚೀಟಿ ಹಚ್ಚಿ ಕೊಡಲಿ, ಎಲ್ಲರೂ ಕೊಡುವುದು ಅದನ್ನೇ ಎಂದರು.

ಫೋನಿನ ಸ್ಪೀಕರು ಹಾಕಿದ್ದೆ. ಕೆಳಗಿನ ಔಷಧಿ ಅಂಗಡಿಗೆ ವಾರಕ್ಕೆ ಮೂರು ದಿನ ಡಾಕ್ಟರು ಬರುತ್ತಾರೆ, ಅಂದು ಬಂದಿದ್ದರು. ತಂದೆ ಅರ್ಧ ಎದ್ದಿದ್ದರು. ಅವಳು ಅವರ ತೋಳು ಹಿಡಿದು ಕೂರಿಸಿದಳು.

"ನನಗ ಆರಾಮ ಐತ್ರಿ ಅಬ್ಬಾ. ಕಣ್ಣ ಕಾಣೂದಿಲ್ಲ, ಅಷ್ಟ. ಅದರ ಮ್ಯಾಲ ಆರಾಮಿಲ್ಲದಾಕಿ ಅಂತ ಫೈಲಿನ್ಯಾಗ ಕುಂತ್ರ, ನಾಳೆ ಮಾಸ್ತರಕಿ ಕೊಡಾವರು ಮೊದಲ ಅದನ್ನ ತಗದ ತೋರಸ್ತಾರ."

ತಂದೆ ಏನೋ ಉರ್ದುವಿನಲ್ಲಿ ಹೇಳಿದರು. ಸೀಟು ಹೋದ ಮೇಲೆ ಫೈಲು ಎಲ್ಲಿಂದ ಬಂತು ಎಂದಿರಬೇಕು. ಅವಳು ಕನ್ನಡದಲ್ಲಿಯೇ, ನನಗೂ ಕೇಳಲೆಂದು, ಸೀಟು ಹೋದರೆ ಮುಂದಿನ ವರ್ಷ ನೋಡೋಣ, ಇಲ್ಲದ ಜಡ್ಡು ಮಾತ್ರ ಬೇಡ ಎಂದಳು. ಆದರೆ ಮುಂದಿನ ವರ್ಷ ಎನ್ನುವಾಗ ದನಿ ಸ್ವಲ್ಪ ತಗ್ಗಿತು. ಎರಡು ವರ್ಷ ಅರ್ಜಿ ಹಾಕಿ, ಮೂರನೆಯದಕ್ಕೆ ಪಟ್ಟಿಯಲ್ಲಿ ಬಂದಿದ್ದಳು.

ಕಾರಣವನ್ನು ನಾನು ಬರೆದು ಕೊಡುತ್ತೇನೆ, ಬೆಳಿಗ್ಗೆ ನಾನೇ ಒಯ್ಯುತ್ತೇನೆ ಎಂದೆ. ಅವಳು ಥ್ಯಾಂಕ್ಸ್ ಹೇಳಲಿಲ್ಲ. ಬರೆದದ್ದನ್ನು ಅಕ್ಷರದಲ್ಲಿ ತನ್ನ ಫೋನಿಗೆ ಕಳಿಸಬೇಕು, ಫೋಟೋ ಹೊಡೆದು ಕಳಿಸಬಾರದು ಎಂದಳು. ಮೂರು ಗಂಟೆಯ ಬಸ್ಸಿಗೆ ಇಬ್ಬರೂ ಹೋದರು.

ಪತ್ರ ಹದಿನಾಲ್ಕು ಸಾಲಾಯಿತು. ಹೊಸ ಸೂಚನೆ ಚಿತ್ರವಾಗಿ ಮಾತ್ರ ಇತ್ತು, ಅದರ ಹಿಂದಿನ ವಿವರಣೆಯಲ್ಲಿ ದಿನವಾಗಲಿ ವಿಷಯವಾಗಲಿ ಇರಲಿಲ್ಲ, ಅದನ್ನು ಬರೆದವಳು ನಾನು, ಆದ್ದರಿಂದ ಅಭ್ಯರ್ಥಿಗೆ ತಿಳಿಯುವ ದಾರಿ ಇರಲಿಲ್ಲ. ಕೊನೆಯ ವಾಕ್ಯವನ್ನು ಮೂರು ಸಲ ಬದಲಿಸಿದೆ. ಮೊದಲ ಎರಡರಲ್ಲಿ ಸೂಪರಿಂಟೆಂಡೆಂಟರ ಷರತ್ತಿನ ಪ್ರಸ್ತಾಪವಿತ್ತು. ಅದನ್ನು ತೆಗೆದೆ. ಅವರು ಚಿತ್ರವನ್ನು ಹಾಕಿ ಎಂದಿದ್ದರು, ಅದರ ಹಿಂದೆ ಒಂದೇ ಪದ ಬರೆಯಿರಿ ಎಂದಿರಲಿಲ್ಲ.

ರಾಮದುರ್ಗದ ಬೀಜದ ಅಂಗಡಿಯ ಕೆಲಸ ಮುಗಿಸಿಕೊಂಡು ಸಂಜೆ ಬಂದ ನಮ್ಮ ಮಾಲೀಕರು ಪತ್ರವನ್ನು ನಿಂತೇ ಓದಿದರು. ಅವರು ನೇಸರಗಿಯವರು, ಸಿಟ್ಟಿನಲ್ಲಿಯೂ ದನಿ ಏರಿಸುವವರಲ್ಲ.

"ನೋಡ ತಂಗಿ, ತಪ್ಪ ನಮ್ಮದ ಅಂತ ನಾವ ಬರದ ಕೊಟ್ರ, ಕಿತ್ತೂರ ಸಾಲಿಯವರು ನಮಗ ಯಾಕ ಕೆಲಸ ಕೊಡತಾರ?"

ಕಿತ್ತೂರಿನ ಒಂದು ಶಾಲೆಯ ವೆಬ್‌ಸೈಟಿನ ಮಾತುಕತೆ ಆಗ ನಡೆದಿತ್ತು. ತಪ್ಪು ನಮ್ಮದಲ್ಲ, ನನ್ನದು, ಪತ್ರದಲ್ಲೂ ಹಾಗೇ ಇದೆ ಎಂದೆ. ಅವರು ಪತ್ರವನ್ನು ಮತ್ತೊಮ್ಮೆ ಓದಿದರು. ಸಹಿ ನಿನ್ನದು ಮಾಡಿಕೋ, ಆಫೀಸಿನ ಹಾಳೆಯನ್ನೂ ಸಿಕ್ಕಾವನ್ನೂ ಮುಟ್ಟಬೇಡ ಎಂದು ಹೇಳಿ ಡ್ರಾಯರಿಗೆ ಬೀಗ ಹಾಕಿದರು. ಬಿಳಿ ಹಾಳೆಯ ಮೇಲೆ ಮತ್ತೆ ಮುದ್ರಿಸಿದೆ. ಅದೇ ಹದಿನಾಲ್ಕು ಸಾಲನ್ನು ಅವಳಿಗೆ ಕಳಿಸಿದೆ. ಹತ್ತು ನಿಮಿಷದ ನಂತರ ಉತ್ತರ ಬಂತು: "ಕೇಳಿದೆ. ಸರಿ ಐತಿ."

ಮರುದಿನ ಬೆಳಿಗ್ಗೆ ಏಳರ ಬಸ್ಸಿಗೆ ಹೊರಟೆ. ಮುರಗೋಡ ದಾಟುವವರೆಗೆ ನಿಂತಿದ್ದೆ, ಆಮೇಲೆ ಕೂರಲು ಜಾಗ ಸಿಕ್ಕಿತು. ಕಾಲೇಜಿನ ಆಫೀಸು ತೆರೆದಾಗ ಕೌಂಟರಿನಲ್ಲಿ ನಾನೊಬ್ಬಳೇ ಇದ್ದೆ. ಸೂಪರಿಂಟೆಂಡೆಂಟರು ಹಾಳೆಯನ್ನು ತಿರುಗಿಸಿ ಹಿಂಬದಿ ನೋಡಿ, ಸಿಕ್ಕಾ ಎಲ್ಲಿ ಎಂದು ಕೇಳಿದರು. ಇಲ್ಲ, ಬರೆದವಳು ಇಲ್ಲಿಯೇ ನಿಂತಿದ್ದೇನೆ, ಕೇಳುವುದಿದ್ದರೆ ಕೇಳಿ ಎಂದೆ. ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಇಂಥ ಕಾರಣವನ್ನು ಯಾವ ಫೈಲಿಗೆ ಹಚ್ಚಬೇಕೋ ಎಂದು ಗೊಣಗುತ್ತ ಒಳಗೆ ಹೋದರು. ಬಹಳ ಹೊತ್ತು ಬರಲಿಲ್ಲ. ಬಂದಾಗ ಪತ್ರದ ಅಂಚಿನಲ್ಲಿ ಹಸಿರು ಮಸಿಯಲ್ಲಿ ಪ್ರಿನ್ಸಿಪಾಲರು ಬರೆದ ಎರಡು ಸಾಲಿದ್ದವು: ಇಂದು ಮಧ್ಯಾಹ್ನ ಒಂದು ಗಂಟೆಯೊಳಗೆ ಹಾಜರಾದರೆ ಪರಿಶೀಲಿಸಿ.

ಗಂಟೆ ಹತ್ತೂವರೆ ಆಗಿತ್ತು, ಮುನವಳ್ಳಿಯಿಂದ ಬಸ್ಸಿನಲ್ಲಿ ಬರಲು ಸಾಕಷ್ಟು ಹೊತ್ತಿತ್ತು. ನಾನು ಜಗಲಿಗೆ ಬಂದು ಅವಳಿಗೆ ಫೋನ್ ಮಾಡಿದೆ. ಆ ಎರಡು ಸಾಲನ್ನು ಇದ್ದ ಹಾಗೆ ಓದಿದೆ, ಯಾವ ಯಾವ ಮೂಲ ಪ್ರಮಾಣಪತ್ರ ತರಬೇಕು ಎಂಬುದನ್ನು ಒಂದೊಂದಾಗಿ ಹೇಳಿದೆ, ಅವಳು ಅದನ್ನೆಲ್ಲ ತಿರುಗಿ ಹೇಳುವವರೆಗೆ ಕಾದು ಫೋನು ಇಟ್ಟೆ.