ಶೇಕಡಾ ಸಾಹೇಬರು

ಫುಟ್‌ಬಾಲ್ ಕ್ಲಬ್ಬಿನಲ್ಲಿ ಅಂಕಿಅಂಶ ನೋಡಿಕೊಳ್ಳುವವರಿಗೆ ಆಟಗಾರರು ಇಟ್ಟ ಹೆಸರು ಶೇಕಡಾ ಸಾಹೇಬರು. ಪಂದ್ಯ ಶುರುವಾಯಿತೆಂದರೆ ಲ್ಯಾಪ್‌ಟಾಪ್ ಕಂಕುಳಲ್ಲಿಟ್ಟುಕೊಂಡು ಮೈದಾನದ ಗೆರೆಯುದ್ದಕ್ಕೂ ಬಾಲ ಸುಟ್ಟ ಬೆಕ್ಕಿನಂತೆ ಓಡಾಡುತ್ತಾರೆ. ಗೋಲಾಗಿ ಎಲ್ಲರೂ ಕುಣಿಯುವಾಗ, "ಹತ್ತು ಸಲ ಒದ್ರೆ ಒಂದು ಸಲ ಹೋಗೋ ಚೆಂಡು ಕಣ್ರೀ, ಹಿಗ್ಗಬೇಡಿ" ಎಂದು ಗೊಣಗುತ್ತಾರೆ. ಅಡುಗೆ ಹೇಗಿದೆ ಎಂದು ಹೆಂಡತಿ ಕೇಳಿದರೆ, "ಕಳೆದ ವಾರಕ್ಕಿಂತ ಮೇಲು" ಎಂದು ಹೇಳಿ ಬೈಸಿಕೊಳ್ಳುತ್ತಾರೆ. ಕೋಚ್ ಮಾತ್ರ ಅವರ ಮಾತು ತಳ್ಳಿಹಾಕುವುದಿಲ್ಲ. ಎದುರಾಳಿ ಪೆನಾಲ್ಟಿಯನ್ನು ಎಡಕ್ಕೇ ಒದೆಯುತ್ತಾನೆಂದು ಗೋಲ್‌ಕೀಪರನ ಕಿವಿಯಲ್ಲಿ ಹೇಳಿ ಅವರು ಕಪ್ ಉಳಿಸಿದ್ದುಂಟು. ಹಿರಿಯ ಡಿಫೆಂಡರನ ಓಟ ವಾರವಾರಕ್ಕೂ ಇಳಿಯುತ್ತಿರುವುದನ್ನು ಮೊದಲು ಕಂಡವರೂ ಅವರೇ. "ವಯಸ್ಸಾಯ್ತು, ಕೈಬಿಡೋಣ್ವಾ?" ಎಂದು ಕೋಚ್ ಕೇಳಿದಾಗ ಹೂಂ ಎನ್ನಲು ಬಾಯಿ ತೆರೆದವರಿಗೆ, ವಯಸ್ಸು ಹೀಗೆ ದಿಢೀರನೆ ಬರುವುದಿಲ್ಲವಲ್ಲ ಎಂದು ತಳಮಳವಾಯಿತು. ನೆಟ್ಟಗೆ ಡ್ರೆಸ್ಸಿಂಗ್ ರೂಮಿಗೆ ಹೋದರು. "ಏನಾಗಿದೆಯಪ್ಪಾ ನಿನಗೆ?" ಬೂಟು ಬಿಚ್ಚುತ್ತಿದ್ದವನು ತಲೆ ಎತ್ತಲಿಲ್ಲ. "ಹೆಂಡತಿ ಆಸ್ಪತ್ರೇಲಿದ್ದಾಳೆ ಸರ್. ರಾತ್ರಿಯೆಲ್ಲ ಅಲ್ಲೇ ಇರ್ತೀನಿ." ಓಟ ಇಳಿದದ್ದನ್ನು ತೋರಿಸಿದ್ದ ಅಂಕಿಗಳು ಇದನ್ನು ಹೇಳಿರಲಿಲ್ಲ. "ಯಾರಿಗೂ ಯಾಕೋ ಹೇಳ್ಲಿಲ್ಲ?" "ಯಾರೂ ಕೇಳ್ಲಿಲ್ಲ ಸರ್." ಸಾಹೇಬರು ಲ್ಯಾಪ್‌ಟಾಪನ್ನು ಬೆಂಚಿನ ಮೇಲಿಟ್ಟರು. "ಇವತ್ತು ಅಲ್ಲಿ ನಾನೂ ನಮ್ಮನೆಯವಳೂ ಇರ್ತೀವಿ. ನೀನು ಮನೆಗೆ ಹೋಗಿ ಮಲಗು."