ಬಾರದ ಸೀನು

ಸಿಂಧನೂರಿನ ಒಂದು ಅಕ್ಕಿ ಗಿರಣಿಯಲ್ಲಿ ಭತ್ತದ ತೇವ ಪರೀಕ್ಷಿಸುವುದು ನನ್ನ ಕೆಲಸ. ಧೂಳಿಗೆ ವರ್ಷವಿಡೀ ಸೀನುವ ಮೂಗು ನನ್ನದು. ಇಲ್ಲಿ ದರ ಕುದುರುವ ಹೊತ್ತಿಗೆ ಯಾರದಾದರೂ ಒಂಟಿ ಸೀನು ಬಿದ್ದರೆ ಅಪಶಕುನ. ವ್ಯಾಪಾರ ಆ ದಿನಕ್ಕೆ ನಿಲ್ಲುತ್ತದೆ.

“ಇನ್ನೊಮ್ಮಿ ಸೀನಿದ್ರ ಬ್ಯಾರೆ ಕೆಲಸ ನೋಡ್ಕೋ,” ಎಂದಿದ್ದರು ಗಿರಣಿಯ ಸಾಹುಕಾರರು.

ಅಂದಿನಿಂದ ಡಾಕ್ಟರು ಹೇಳಿದಂತೆ ದಿನಾ ರಾತ್ರಿ ಗುಳಿಗೆ, ಬೆಳಿಗ್ಗೆ ಮೂಗಿಗೆ ಸ್ಪ್ರೇ, ಗಿರಣಿಯಲ್ಲಿ ಮಾಸ್ಕ್, ಮನೆ ಸೇರಿದೊಡನೆ ತಲೆಸ್ನಾನ. ಒಂದನ್ನೂ ತಪ್ಪಿಸಲಿಲ್ಲ. ಆದರೂ ಪ್ರತಿ ಚೀಲ ಬಿಚ್ಚುವಾಗ ಮುಖ ಆಚೆ ತಿರುಗಿಸುತ್ತಿದ್ದೆ.

ಮೊನ್ನೆ ಮುಕ್ಕುಂದದ ಒಬ್ಬ ಅಮ್ಮ ತನ್ನ ಅಳಿಯನೊಂದಿಗೆ ಭತ್ತ ತಂದಿದ್ದಳು. ಸಾಹುಕಾರರ ದರಕ್ಕೆ ಅಳಿಯ ಇನ್ನೇನು ಹ್ಞೂಂ ಅನ್ನುವವನಿದ್ದ. ಆ ದರಕ್ಕೆ ಕೊಡಲು ಆಕೆಗೆ ಮನಸ್ಸಿರಲಿಲ್ಲ. ಅಳಿಯನ ಮಾತನ್ನು ಎಲ್ಲರೆದುರು ತೆಗೆದುಹಾಕಲಾಗದೆ ನನ್ನತ್ತ ಬಾಗಿದಳು.

“ಹೋದ ಸಲ ಅಷ್ಟು ಸೀನ್ತಿದ್ದಿ. ಇವತ್ತೊಂದು ಸೀನು ತಮ್ಮಾ.”

“ದಿನಾ ಗುಳಿಗಿ ತಗೊಳ್ಳಾಕತ್ತೀನಮ್ಮ. ಬರಂಗಿಲ್ಲ.”

“ಎಂಥಾ ಗುಳಿಗಿನೋ, ಮಂದಿಗಿ ಉಪಯೋಗಕ್ಕ ಬರಲಾರದ್ದು.”

ಆಕೆ ಚೀಲದಿಂದ ಒಂದು ಬೊಗಸೆ ಭತ್ತ ಎತ್ತಿ ನನ್ನ ಮುಖದೆದುರು ಜೋರಾಗಿ ಊದಿದಳು. ಮೂಗಿನೊಳಗೆ ಇರುವೆ ಹರಿದಂತಾಯಿತು. ಮಾಸ್ಕ್ ಒತ್ತಿ ಹಿಡಿದೆ. ಸಾಹುಕಾರರು ನನ್ನನ್ನೇ ನೋಡುತ್ತಿದ್ದರು. ಕಣ್ಣಲ್ಲಿ ನೀರು ಬಂತು, ಸೀನು ಬರಲಿಲ್ಲ.

ಬಂದದ್ದು ಸಾಹುಕಾರರಿಗೆ. ಒಂದೇ ಒಂದು, ಗಿರಣಿಯೆಲ್ಲ ಕೇಳುವಂತೆ.

“ನಾಳಿ ಬರ್ತೀವ್ರಿ ಸಾಹುಕಾರ್ರ,” ಎಂದು ಆಕೆ ಸೆರಗು ಹೊದ್ದು ಎದ್ದಳು. ಅಳಿಯ ಟ್ರ್ಯಾಕ್ಟರ್ ಚಾಲೂ ಮಾಡಿದ.

ಸಂಜೆ ಸಾಹುಕಾರರು ನನ್ನ ಗುಳಿಗೆಯ ಹೆಸರು ಕೇಳಿದರು. ಮೊದಲು ಡಾಕ್ಟರಿಗೆ ತೋರಿಸ್ರಿ ಎಂದೆ.